ಮೈಕ್ರೋಆರ್‌ಎನ್‌ಎ ನಿಯಂತ್ರಿಸುವ ಪ್ರೋಟೀನುಗಳನ್ನು ಹೊಳೆಯುವ ಆಂಟಿಬಾಡಿಯಿಂದ ನೋಡುವುದು ಹೇಗೆ: ಆಯ್ಕೆಯಿಂದ ಅಳತೆಯವರೆಗೆ

ಜೀವಕೋಶದೊಳಗೆ ಹಸಿರು ಚುಕ್ಕಿ ಕಂಡಿತೆಂದ ಮಾತ್ರಕ್ಕೆ ಅದು ನಾವು ಹುಡುಕುತ್ತಿರುವ ಆಗೋ2 ಎಂಬ ಪ್ರೋಟೀನೇ ಆಗಿರಬೇಕಿಲ್ಲ. ಆಂಟಿಬಾಡಿಗೆ ಅಂಟಿಕೊಳ್ಳುವುದಷ್ಟೇ ಗೊತ್ತು. ಅದು ಅಂಟಿದ್ದು ಯಾವುದಕ್ಕೆ ಎಂದು ತೋರಿಸಿಕೊಡುವ ಹೊಣೆ ಪ್ರಯೋಗ ಮಾಡುವವರದ್ದು. ಬೇರೆ ಪ್ರೋಟೀನುಗಳ ವಿಷಯದಲ್ಲಿ ಆ ಹೊಣೆ ಹೊರಲು ಸಿದ್ಧ ದಾರಿಗಳಿವೆ. ಮೈಕ್ರೋಆರ್‌ಎನ್‌ಎ ಯಂತ್ರಾಂಗದ ಪ್ರೋಟೀನುಗಳಲ್ಲಿ ಆ ದಾರಿಗಳೇ ಕೆಲವೊಮ್ಮೆ ತಪ್ಪು ಕಡೆಗೆ ಒಯ್ಯುತ್ತವೆ. ಹಾಗಾಗಿ ಈ ಬರಹದಲ್ಲಿ ಸ್ಟೇನಿಂಗ್ ವಿಧಾನಕ್ಕಿಂತ ಕಂಟ್ರೋಲ್‌ಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರನ್ನು, ಪಿಎಚ್.ಡಿ.ಯ ಮೊದಲ ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ನಕ್ಷೆ: ಯಾವ ಪ್ರೋಟೀನು ಎಲ್ಲಿರಬೇಕು

ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ನ್ಯೂಕ್ಲಿಯೋಟೈಡ್ ಉದ್ದದ ಚಿಕ್ಕ ಆರ್‌ಎನ್‌ಎ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ಪ್ರಯೋಗಾಲಯಗಳು 1993ರಲ್ಲಿ ಸಣ್ಣ ಹುಳುವೊಂದರಲ್ಲಿ ಲಿನ್-4 ಎಂಬ ಮೈಕ್ರೋಆರ್‌ಎನ್‌ಎ ಬಗ್ಗೆ ಪ್ರಕಟಿಸಿದಾಗ ಈ ಕ್ಷೇತ್ರ ಶುರುವಾಯಿತು. ಇಬ್ಬರಿಗೂ 2024ರ ನೊಬೆಲ್ ಬಂತು.

ತಯಾರಿಕೆಯ ಹಾದಿ ಹೀಗಿದೆ. ಕೋಶಕೇಂದ್ರದಲ್ಲಿ ಡ್ರೋಶಾ ಎಂಬ ಕಿಣ್ವ, ಡಿಜಿಸಿಆರ್8 ಎಂಬ ಜೊತೆಗಾರನೊಂದಿಗೆ, ಉದ್ದನೆಯ ಮೂಲ ಆರ್‌ಎನ್‌ಎಯಿಂದ ಹೇರ್‌ಪಿನ್ ಆಕಾರದ ತುಂಡನ್ನು ಕತ್ತರಿಸುತ್ತದೆ. ಎಕ್ಸ್‌ಪೋರ್ಟಿನ್-5 ಅದನ್ನು ಕೋಶದ್ರವ್ಯಕ್ಕೆ ದಾಟಿಸುತ್ತದೆ. ಅಲ್ಲಿ ಡೈಸರ್ ಇನ್ನೊಮ್ಮೆ ಕತ್ತರಿಸುತ್ತದೆ. ಉಳಿದ ಚಿಕ್ಕ ಎಳೆ ಆಗೋ ಕುಟುಂಬದ ಪ್ರೋಟೀನಿಗೆ ಸೇರುತ್ತದೆ. ಆಗೋ ತನ್ನೊಂದಿಗೆ ಜಿಡಬ್ಲ್ಯೂ182 ಅನ್ನು ಕರೆದುಕೊಂಡು ಗುರಿ ಎಂಆರ್‌ಎನ್‌ಎಯನ್ನು ಸುಮ್ಮನಾಗಿಸುತ್ತದೆ. ಈ ಸಾಲಿನ ಹೊರಗೆ ನಿಂತು ನಿಯಂತ್ರಿಸುವವರೂ ಇದ್ದಾರೆ. ಅವರಲ್ಲಿ ಲಿನ್28 ಮುಖ್ಯ. ಅದು ಲೆಟ್-7 ಎಂಬ ಮೈಕ್ರೋಆರ್‌ಎನ್‌ಎಯ ಪೂರ್ವರೂಪವನ್ನು ಹಿಡಿದು ಪಕ್ವವಾಗದಂತೆ ತಡೆಯುತ್ತದೆ.

ಕಾಗದದ ಮೇಲೆ ಹೀಗೆ ಬರೆದಿಟ್ಟುಕೊಳ್ಳಿ: ಡ್ರೋಶಾ, ಡಿಜಿಸಿಆರ್8 ಮುಖ್ಯವಾಗಿ ಕೋಶಕೇಂದ್ರದಲ್ಲಿ. ಡೈಸರ್ ಮುಖ್ಯವಾಗಿ ಕೋಶದ್ರವ್ಯದಲ್ಲಿ, ಅದೂ ಬಹಳ ಕೋಶಗಳಲ್ಲಿ ಕಡಿಮೆ ಪ್ರಮಾಣದಲ್ಲಿ. ಲಿನ್28ಎ ಹೆಚ್ಚಾಗಿ ಕೋಶದ್ರವ್ಯದಲ್ಲಿ. ಜಿಡಬ್ಲ್ಯೂ182 ಕೋಶದ್ರವ್ಯದ ಚುಕ್ಕಿಗಳಲ್ಲಿ, ಅಂದರೆ ಸುಮ್ಮನಾದ ಎಂಆರ್‌ಎನ್‌ಎಗಳು ಗುಂಪುಗೂಡುವ ಪಿ-ಬಾಡಿಗಳಲ್ಲಿ. ಆಗೋ2 ಕೋಶದ್ರವ್ಯದ ತುಂಬ ಹರಡಿಕೊಂಡು, ಅದರ ಅತಿ ಸಣ್ಣ ಪಾಲು ಮಾತ್ರ ಪಿ-ಬಾಡಿಗಳಲ್ಲಿ. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಫಿಲಿಪ್ ಶಾರ್ಪ್ ಅವರ ಗುಂಪು 2006ರಲ್ಲಿ ಹಸಿರು ಪ್ರೋಟೀನು ಜೋಡಿಸಿದ ಆಗೋ2 ಬಳಸಿ ಅಳೆದಾಗ ಪಿ-ಬಾಡಿಗಳಲ್ಲಿ ಸಿಕ್ಕಿದ್ದು ಸುಮಾರು 1.3% ಮಾತ್ರ. ಬರೀ ಚುಕ್ಕಿಗಳೇ ಹೊಳೆದು ಉಳಿದ ಕೋಶದ್ರವ್ಯ ಕಪ್ಪಗಿರುವ "ಆಗೋ2" ಚಿತ್ರ ಕಂಡರೆ ಸಂತೋಷಪಡುವ ಮೊದಲು ಅನುಮಾನಪಡಿ.

ಆಂಟಿಬಾಡಿ ಆರಿಸುವಾಗ

ಕ್ಯಾಟಲಾಗ್‌ನಲ್ಲಿ "ಇಮ್ಯುನೊಫ್ಲೋರೊಸೆನ್ಸ್‌ಗೆ ಸೂಕ್ತ" ಎಂದಿದ್ದರೆ ಅಷ್ಟಕ್ಕೇ ಆರ್ಡರ್ ಹಾಕಬೇಡಿ. ಯಾವ ಕೋಶದಲ್ಲಿ ಪರೀಕ್ಷಿಸಿದ್ದಾರೆ, ಜೀನು ತೆಗೆದ ನಾಕೌಟ್ ಕೋಶದ ಚಿತ್ರ ಪಕ್ಕದಲ್ಲಿದೆಯೇ ಎಂದು ನೋಡಿ. ಮಾನವನಲ್ಲಿ ಆಗೋ1ರಿಂದ ಆಗೋ4ರವರೆಗೆ ನಾಲ್ಕು ಪ್ರೋಟೀನುಗಳಿವೆ. ಅವುಗಳ ಅಮೈನೋ ಆಮ್ಲ ಸರಣಿ ಸುಮಾರು 80% ಒಂದೇ. ಆಗೋ2 ಎಂದು ಕೊಂಡದ್ದು ಆಗೋ1ಕ್ಕೂ ಅಂಟಬಹುದು. ನಾಲ್ಕನ್ನೂ ಹಿಡಿಯುವ ಆಂಟಿಬಾಡಿ ತಪ್ಪಲ್ಲ, ಆದರೆ ಆಗ ಚಿತ್ರದ ಕೆಳಗೆ "ಆಗೋ2" ಎಂದು ಬರೆಯುವ ಹಕ್ಕಿಲ್ಲ.

ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿ ಹಾಕಿ ನೋಡುವ ವೆಸ್ಟರ್ನ್ ಬ್ಲಾಟ್ ಮೊದಲ ಜರಡಿ. ಆಗೋ2 ಸುಮಾರು 97 ಕಿಲೋಡಾಲ್ಟನ್, ಡೈಸರ್ ಸುಮಾರು 218, ಡ್ರೋಶಾ ಸುಮಾರು 160, ಜಿಡಬ್ಲ್ಯೂ182 ಹೆಸರೇ ಹೇಳುವಂತೆ 182. ಬ್ಲಾಟ್‌ನಲ್ಲಿ ಹತ್ತು ಬ್ಯಾಂಡ್ ಬಂದ ಆಂಟಿಬಾಡಿ ಕೋಶದಲ್ಲೂ ಹತ್ತು ಕಡೆ ಅಂಟುತ್ತದೆ. ಹಾಗೆಂದು ಬ್ಲಾಟ್ ಚೆನ್ನಾಗಿ ಬಂದ ತಕ್ಷಣ ಸ್ಟೇನಿಂಗ್ ಸರಿಬರುವುದೆಂದೂ ಇಲ್ಲ. ಬ್ಲಾಟ್‌ನಲ್ಲಿ ಪ್ರೋಟೀನು ಬಿಚ್ಚಿಕೊಂಡಿರುತ್ತದೆ. ಫಿಕ್ಸ್ ಮಾಡಿದ ಕೋಶದಲ್ಲಿ ಅದು ಮಡಚಿಕೊಂಡು, ಜೊತೆಗಾರರೊಂದಿಗೆ ಬೆಸೆದುಕೊಂಡಿರುತ್ತದೆ.

ಜಿಡಬ್ಲ್ಯೂ182ರ ಕತೆ ಇಲ್ಲಿ ನೆನೆಯುವಂಥದ್ದು. ಅದು ಪತ್ತೆಯಾದದ್ದೇ ಆಂಟಿಬಾಡಿಯಿಂದ. ನರಗಳ ಕಾಯಿಲೆಯಿದ್ದ ರೋಗಿಯೊಬ್ಬರ ರಕ್ತಸಾರದಲ್ಲಿ ತಮ್ಮದೇ ದೇಹದ ಪ್ರೋಟೀನಿನ ವಿರುದ್ಧ ಹುಟ್ಟಿದ ಆಂಟಿಬಾಡಿಗಳಿದ್ದವು. ಅವನ್ನು ಕೋಶಗಳ ಮೇಲೆ ಹಾಕಿದಾಗ ಅದುವರೆಗೆ ಯಾರೂ ಹೆಸರಿಸದ ಚುಕ್ಕಿಗಳು ಹೊಳೆದವು. ಎಡ್ವರ್ಡ್ ಚಾನ್ ಮತ್ತು ಮಾರ್ವಿನ್ ಫ್ರಿಟ್ಜ್ಲರ್ ಅವರ ಗುಂಪುಗಳು 2002ರಲ್ಲಿ ಇದನ್ನು ಪ್ರಕಟಿಸಿದವು. ಪಿ-ಬಾಡಿ ಅಧ್ಯಯನದ ಆರಂಭದ ವರ್ಷಗಳಲ್ಲಿ ಅಂಥ ಸಾರವೇ ಆಸರೆಯಾಗಿತ್ತು. ಈಗಲೂ ಪಿ-ಬಾಡಿ ಗುರುತಿಸಲು ಒಂದು ಸ್ವತಂತ್ರ ಗುರುತುಕಾರ ಬೇಕೇ ಬೇಕು. ಪಿ-ಬಾಡಿಯಲ್ಲಿರುವ ಪ್ರೋಟೀನುಗಳಾದ ಡಿಸಿಪಿ1ಎ ಅಥವಾ ಡಿಡಿಎಕ್ಸ್6 ಸಾಕು.

ಎರಡನ್ನು ಒಟ್ಟಿಗೆ ನೋಡುವುದಾದರೆ ಎರಡು ಬೇರೆ ಪ್ರಾಣಿಗಳಲ್ಲಿ ಬೆಳೆಸಿದ ಪ್ರೈಮರಿಗಳನ್ನು (ಪ್ರೋಟೀನನ್ನು ನೇರವಾಗಿ ಹಿಡಿಯುವ ಆಂಟಿಬಾಡಿಗಳನ್ನು) ತೆಗೆದುಕೊಳ್ಳಿ: ಆಗೋ2 ಮೊಲದ್ದಾದರೆ ಡಿಸಿಪಿ1ಎ ಇಲಿಯದ್ದು. ಎರಡೂ ಮೊಲದವೇ ಸಿಕ್ಕರೆ ಒಂದಕ್ಕೆ ನೇರವಾಗಿ ಬಣ್ಣ ಕಟ್ಟಬೇಕಾಗುತ್ತದೆ. ಆ ವಿಧಾನ ಮುಂದಿದೆ.

ಕಂಟ್ರೋಲ್‌ಗಳು, ಮತ್ತು ಅವು ಇಲ್ಲಿ ಯಾಕೆ ಜಟಿಲ

ಎಲ್ಲ ಸ್ಟೇನಿಂಗ್‌ಗೂ ಬೇಕಾದವು ಮೂರು: ಏನೂ ಹಾಕದ ಕೋಶ, ಸೆಕೆಂಡರಿ (ಪ್ರೈಮರಿಯನ್ನು ಹಿಡಿಯುವ, ಬಣ್ಣ ಕಟ್ಟಿದ ಆಂಟಿಬಾಡಿ) ಮಾತ್ರ ಹಾಕಿದ ಕೋಶ, ಪ್ರೈಮರಿಯಷ್ಟೇ ಸಾಂದ್ರತೆಯ ಸಂಬಂಧವಿಲ್ಲದ ಐಜಿಜಿ (ಸಾಮಾನ್ಯ ಆಂಟಿಬಾಡಿ) ಹಾಕಿದ ಕೋಶ. ಇವು ಹಿನ್ನೆಲೆ ಬೆಳಕನ್ನು ತಿಳಿಸುತ್ತವೆ. ಆಂಟಿಬಾಡಿ ಅಂಟಿದ್ದು ನಿಮ್ಮ ಪ್ರೋಟೀನಿಗೇ ಹೌದೇ ಎಂಬುದನ್ನು ಇವು ಹೇಳಲಾರವು. ಅದಕ್ಕೆ ಪ್ರೋಟೀನೇ ಇಲ್ಲದ ಕೋಶ ಬೇಕು.

ಸಾಮಾನ್ಯವಾಗಿ ಜನ ಎಸ್‌ಐಆರ್‌ಎನ್‌ಎ (ಗುರಿ ಎಂಆರ್‌ಎನ್‌ಎಯನ್ನು ಕತ್ತರಿಸಲೆಂದು ಹೊರಗಿನಿಂದ ಕೊಡುವ ಚಿಕ್ಕ ಆರ್‌ಎನ್‌ಎ) ಹಾಕಿ ಪ್ರೋಟೀನನ್ನು ಇಳಿಸುತ್ತಾರೆ. ಆಗೋ2 ವಿಷಯದಲ್ಲಿ ಯೋಚಿಸಿ ನೋಡಿ. ಎಸ್‌ಐಆರ್‌ಎನ್‌ಎ ಕೆಲಸ ಮಾಡುವುದೇ ಆಗೋ2 ಮೂಲಕ. ಇಳಿಯಬೇಕಾದ ಪ್ರೋಟೀನೇ ಇಳಿಸುವ ಉಪಕರಣ. ಅದು ಇಳಿಯುತ್ತ ಹೋದಂತೆ ಇಳಿಸುವ ಶಕ್ತಿಯೂ ಇಳಿಯುತ್ತದೆ. ಮೇಲಾಗಿ, ಹೊರಗಿನಿಂದ ತುಂಬಿದ ಎಸ್‌ಐಆರ್‌ಎನ್‌ಎ ಕೋಶದ ಸ್ವಂತ ಮೈಕ್ರೋಆರ್‌ಎನ್‌ಎಗಳೊಂದಿಗೆ ಆಗೋದಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುತ್ತದೆ. ಗುರಿಯಿಲ್ಲದ ಕಂಟ್ರೋಲ್ ಎಸ್‌ಐಆರ್‌ಎನ್‌ಎ ಕೂಡ ಇದನ್ನೇ ಮಾಡುವುದರಿಂದ, "ಏನೂ ಮಾಡದ" ಕಂಟ್ರೋಲ್ ಅಲ್ಲಿ ಇಲ್ಲವೇ ಇಲ್ಲ. ಡೈಸರ್‌ಗೆ ವೆಕ್ಟರ್‌ನಿಂದ ಬರುವ ಎಸ್‌ಎಚ್‌ಆರ್‌ಎನ್‌ಎ, ಅಂದರೆ ಹೇರ್‌ಪಿನ್ ಆಕಾರದ ಚಿಕ್ಕ ಆರ್‌ಎನ್‌ಎ, ಬಳಸಿದರೆ ಇನ್ನೊಂದು ತೊಡಕು. ಆ ಹೇರ್‌ಪಿನ್ ಹೊರಬರಲು ಎಕ್ಸ್‌ಪೋರ್ಟಿನ್-5 ಬೇಕು, ಕತ್ತರಿಸಲು ಡೈಸರ್ ಬೇಕು.

ಆದ್ದರಿಂದ ಸಾಧ್ಯವಿದ್ದರೆ ಕ್ರಿಸ್ಪರ್‌ನಿಂದ ಜೀನು ತೆಗೆದ ಕೋಶಗಳನ್ನೇ ಬಳಸಿ. ಕೊರಿಯಾದ ವಿ. ನಾರಿ ಕಿಮ್ ಅವರ ಪ್ರಯೋಗಾಲಯ 2016ರಲ್ಲಿ ಎಚ್‌ಸಿಟಿ116 ಎಂಬ ಮಾನವ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಡ್ರೋಶಾ, ಎಕ್ಸ್‌ಪೋರ್ಟಿನ್-5, ಡೈಸರ್ ಇವುಗಳನ್ನು ಒಂದೊಂದಾಗಿ ತೆಗೆದ ಸಾಲುಗಳನ್ನು ಪ್ರಕಟಿಸಿದೆ. ನಾಕೌಟ್ ಸಿಗದೆ ಎಸ್‌ಐಆರ್‌ಎನ್‌ಎಯನ್ನೇ ಬಳಸಬೇಕಾದರೆ ಒಂದೇ ಪ್ರೋಟೀನಿನ ಬೇರೆ ಬೇರೆ ಭಾಗ ಹಿಡಿಯುವ ಎರಡು ಆಂಟಿಬಾಡಿ ಹಾಕಿ, ಎರಡರ ಚಿತ್ರವೂ ಹೊಂದುತ್ತದೆಯೇ ನೋಡಿ.

ನಾಕೌಟ್ ಸಿಕ್ಕ ಮೇಲೂ ಓದುವಾಗ ಎಚ್ಚರ ಬೇಕು, ಏಕೆಂದರೆ ಈ ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಂಡಿವೆ. ಡೈಸರ್ ತೆಗೆದರೆ ಮೈಕ್ರೋಆರ್‌ಎನ್‌ಎ ಕಡಿಮೆಯಾಗುತ್ತದೆ. ಖಾಲಿ ಉಳಿದ ಆಗೋ2 ಅಸ್ಥಿರವಾಗಿ ಅದೂ ಕರಗುತ್ತದೆ. ಡೈಸರ್ ನಾಕೌಟ್‌ನಲ್ಲಿ ಆಗೋ2 ಮಂಕಾಗಿ ಕಂಡರೆ ಆಂಟಿಬಾಡಿ ಕೆಟ್ಟಿದೆ ಎಂದು ಡಬ್ಬಿಗೆ ಎಸೆಯಬೇಡಿ. ಅದು ನಿಜವಾದ ಜೀವಶಾಸ್ತ್ರ. ಡ್ರೋಶಾ ಇನ್ನೂ ಸ್ವಾರಸ್ಯಕರ. ಅದು ಡಿಜಿಸಿಆರ್8ರ ಎಂಆರ್‌ಎನ್‌ಎಯಲ್ಲಿರುವ ಹೇರ್‌ಪಿನ್ನನ್ನೇ ಕತ್ತರಿಸಿ ಅದನ್ನು ಹತೋಟಿಯಲ್ಲಿಡುತ್ತದೆ. ಡಿಜಿಸಿಆರ್8 ಪ್ರೋಟೀನು ಪ್ರತಿಯಾಗಿ ಡ್ರೋಶಾವನ್ನು ಸ್ಥಿರವಾಗಿಡುತ್ತದೆ. ಆದ್ದರಿಂದ ಡ್ರೋಶಾ ಹೋದರೆ ಡಿಜಿಸಿಆರ್8 ಏರಬೇಕು, ಡಿಜಿಸಿಆರ್8 ಹೋದರೆ ಡ್ರೋಶಾ ಇಳಿಯಬೇಕು. ಎರಡೂ ಕಂಡರೆ ನಿಮ್ಮ ಎರಡೂ ಆಂಟಿಬಾಡಿಗಳ ಬಗ್ಗೆ ಭರವಸೆ ಇಟ್ಟುಕೊಳ್ಳಬಹುದು. ಇಷ್ಟು ಒಳ್ಳೆಯ ಒಳಗಿನ ಸಾಕ್ಷಿ ಬೇರೆ ಪ್ರೋಟೀನು ಜೋಡಿಗಳಲ್ಲಿ ಸುಲಭಕ್ಕೆ ಸಿಗದು.

ಲಿನ್28ಎಗೆ ನಾಕೌಟ್ ಇಲ್ಲದಿದ್ದರೂ ನಡೆಯುತ್ತದೆ. ಎನ್‌ಟೆರಾ-2 ಎಂಬ ಭ್ರೂಣರೂಪಿ ಗಡ್ಡೆಯ ಕೋಶಗಳಲ್ಲಿ ಅದು ಧಾರಾಳ, ಹೀಲಾ ಕೋಶಗಳಲ್ಲಿ ಸಾಮಾನ್ಯವಾಗಿ ಕಾಣದು. ಇಲಿಯ ಪಿ19 ಕೋಶಗಳಿಗೆ ರೆಟಿನೋಯಿಕ್ ಆಮ್ಲ ಕೊಟ್ಟು ವಿಭೇದನ ಮಾಡಿಸಿದರೆ ಲಿನ್28 ಇಳಿಯುತ್ತ ಹೋಗುತ್ತದೆ. ಒಂದೇ ಕೋಶಸಾಲಿನಲ್ಲಿ ಇರುವಿಕೆ, ಇಲ್ಲದಿರುವಿಕೆ ಎರಡೂ ಸಿಕ್ಕಂತಾಯಿತು.

ಪಿ-ಬಾಡಿಗಳಿಗೂ ಒಂದು ಚೆಂದದ ಪರೀಕ್ಷೆಯಿದೆ. ಸೈಕ್ಲೋಹೆಕ್ಸಿಮೈಡ್ ಎಂಆರ್‌ಎನ್‌ಎಗಳನ್ನು ರೈಬೋಸೋಮುಗಳ ಮೇಲೆ ಸಿಕ್ಕಿಸಿಡುವುದರಿಂದ ಪಿ-ಬಾಡಿಗಳು ಕರಗುತ್ತವೆ. ಪ್ರತಿ ಮಿಲಿಲೀಟರ್‌ಗೆ 50ರಿಂದ 100 ಮೈಕ್ರೋಗ್ರಾಂನಂತೆ ಒಂದು ಗಂಟೆ ಕೊಟ್ಟ ಮೇಲೂ ನಿಮ್ಮ ಚುಕ್ಕಿಗಳು ಜಗ್ಗದೆ ಕೂತಿದ್ದರೆ ಅವು ಪಿ-ಬಾಡಿ ಆಗಿರುವ ಸಾಧ್ಯತೆ ಕಡಿಮೆ. ಆಂಟಿಬಾಡಿಯೇ ಗಂಟುಕಟ್ಟಿ ಕೂತ ಕಸ ಆಗಿರಬಹುದು. ಸೈಕ್ಲೋಹೆಕ್ಸಿಮೈಡ್ ವಿಷ, ಕೈಗವಸಿಲ್ಲದೆ ಮುಟ್ಟಬೇಡಿ.

ನೇರವಾಗಿ ಬಣ್ಣ ಕಟ್ಟುವುದಾದರೆ

ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟುವ ಉಪಾಯ ಆಲ್ಬರ್ಟ್ ಕೂನ್ಸ್ ಅವರದ್ದು. 1941ರಲ್ಲಿ ಅವರು ನ್ಯುಮೋಕಾಕಸ್ ವಿರುದ್ಧದ ಆಂಟಿಬಾಡಿಗೆ ಬಣ್ಣ ಕಟ್ಟಿ ತೋರಿಸಿದರು. ಇಂದು ಹೆಚ್ಚಿನ ಕೆಲಸ ನಡೆಯುವುದು ಪರೋಕ್ಷ ವಿಧಾನದಲ್ಲಿ: ಪ್ರೈಮರಿಗೆ ಬಣ್ಣವಿಲ್ಲ, ಅದನ್ನು ಹಿಡಿಯುವ ಸೆಕೆಂಡರಿಗೆ ಬಣ್ಣ. ಒಂದು ಪ್ರೈಮರಿಗೆ ಹಲವು ಸೆಕೆಂಡರಿ ಅಂಟುವುದರಿಂದ ಬೆಳಕು ಹೆಚ್ಚು. ಡೈಸರ್‌ನಂಥ ಕಡಿಮೆ ಪ್ರಮಾಣದ ಪ್ರೋಟೀನಿಗೆ ಇದೇ ಸರಿ. ನೇರ ವಿಧಾನ ಬೇಕಾಗುವುದು ಒಂದೇ ಪ್ರಾಣಿಯ ಎರಡು ಪ್ರೈಮರಿ ಬಳಸುವಾಗ, ಅಥವಾ ಇಲಿಯ ಅಂಗಾಂಶದ ಮೇಲೆ ಇಲಿಯದ್ದೇ ಆಂಟಿಬಾಡಿ ಹಾಕುವಾಗ.

ಅಲೆಕ್ಸಾ ಫ್ಲೋರ್ 488ರ ಎನ್‌ಎಚ್‌ಎಸ್ ಎಸ್ಟರ್ ರೂಪ ತೆಗೆದುಕೊಂಡರೆ ಅದು ಆಂಟಿಬಾಡಿಯ ಲೈಸೀನುಗಳ ಅಮೈನೋ ಗುಂಪಿಗೆ ಅಂಟುತ್ತದೆ. ಆದ್ದರಿಂದ ದ್ರಾವಣದಲ್ಲಿ ಬೇರೆ ಅಮೈನುಗಳಿರಬಾರದು. ಟ್ರಿಸ್, ಗ್ಲೈಸಿನ್, ಬಿಎಸ್‌ಎ (ಹಸುವಿನ ಸೀರಮ್‌ನ ಆಲ್ಬುಮಿನ್ ಪ್ರೋಟೀನು) ಯಾವುದೂ ಬೇಡ. ಅಮೈನ್ ಅಲ್ಲದಿದ್ದರೂ ಅಜೈಡನ್ನೂ ತೆಗೆಯುವುದು ಒಳ್ಳೆಯದು. ಬಹಳಷ್ಟು ಆಂಟಿಬಾಡಿಗಳು ಬಿಎಸ್‌ಎ ಮತ್ತು ಅಜೈಡ್ ಬೆರೆತೇ ಬರುತ್ತವೆ. ಅಜೈಡನ್ನು ಡಯಾಲಿಸಿಸ್‌ನಿಂದ ತೆಗೆಯಬಹುದು, ಆದರೆ ಬಿಎಸ್‌ಎ ಬೇರ್ಪಡಿಸುವುದು ಕಷ್ಟ. ಹಾಗಾಗಿ ಆರ್ಡರ್ ಮಾಡುವಾಗಲೇ ಬಿಎಸ್‌ಎ ಇಲ್ಲದ್ದನ್ನು ಕೇಳಿ.

ಲೆಕ್ಕ ಹೀಗೆ. ಐಜಿಜಿಯ ತೂಕ 1,50,000 ಡಾಲ್ಟನ್ ಎಂದಿಟ್ಟುಕೊಂಡರೆ 100 ಮೈಕ್ರೋಗ್ರಾಂ ಎಂದರೆ 0.67 ನ್ಯಾನೋಮೋಲ್. ಹತ್ತು ಪಟ್ಟು ಬಣ್ಣ ಎಂದರೆ 6.7 ನ್ಯಾನೋಮೋಲ್. ಈ ಬಣ್ಣದ ಅಣುತೂಕ ಸುಮಾರು 643 ಆದ್ದರಿಂದ 4.3 ಮೈಕ್ರೋಗ್ರಾಂ ಬೇಕು. ನೀರಿನಂಶವಿಲ್ಲದ ಡಿಎಂಎಸ್‌ಓದಲ್ಲಿ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಕರಗಿಸಿದ್ದರೆ 4.3 ಮೈಕ್ರೋಲೀಟರ್. ಕರಗಿಸಿದ ಬಣ್ಣವನ್ನು ಆಗಲೇ ಬಳಸಿ, ತೇವ ತಾಕಿದರೆ ಎಸ್ಟರ್ ಕೆಡುತ್ತದೆ.

100 ಮೈಕ್ರೋಲೀಟರ್ ಆಂಟಿಬಾಡಿಗೆ (ಮಿಲಿಲೀಟರ್‌ಗೆ 1 ಮಿಲಿಗ್ರಾಂ ಅಥವಾ ಹೆಚ್ಚು) ಪಿಎಚ್ 8.3ರ ಸೋಡಿಯಂ ಬೈಕಾರ್ಬೊನೇಟನ್ನು ಕೊನೆಗೆ 0.1 ಮೋಲಾರ್ ಆಗುವಂತೆ ಸೇರಿಸಿ. ಬಣ್ಣವನ್ನು ಹನಿಹನಿಯಾಗಿ ಹಾಕಿ ಕೂಡಲೇ ಮೆಲ್ಲಗೆ ಕಲಸಿ. ಕತ್ತಲಲ್ಲಿ ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಬಿಡಿ. ಆಮೇಲೆ ಸೆಫಾಡೆಕ್ಸ್ ಜಿ-25 ತುಂಬಿದ ಚಿಕ್ಕ ಕಾಲಮ್‌ನಲ್ಲಿ ಹಾಯಿಸಿದರೆ ಬಣ್ಣ ಕಟ್ಟಿದ ಆಂಟಿಬಾಡಿ ಮೊದಲು ಹೊರಬರುತ್ತದೆ, ಅಂಟದ ಬಣ್ಣ ಹಿಂದೆ ಉಳಿಯುತ್ತದೆ.

ಎಷ್ಟು ಅಂಟಿತೆಂದು ಅಳೆಯದೆ ಮುಂದೆ ಹೋಗಬೇಡಿ. 280 ಮತ್ತು 494 ನ್ಯಾನೋಮೀಟರ್‌ನಲ್ಲಿ ಹೀರಿಕೆ ನೋಡಿ. ಉದಾಹರಣೆಗೆ 280ರಲ್ಲಿ 0.75, 494ರಲ್ಲಿ 1.00 ಬಂತೆನ್ನಿ. ಬಣ್ಣವೂ 280ರಲ್ಲಿ ಸ್ವಲ್ಪ ಹೀರುವುದರಿಂದ 0.11 ಪಾಲನ್ನು ಕಳೆಯಬೇಕು: 0.75 − 0.11 = 0.64. ಇದನ್ನು ಐಜಿಜಿಯ 2,10,000ದಿಂದ ಭಾಗಿಸಿದರೆ ಸುಮಾರು 3.05 ಮೈಕ್ರೋಮೋಲಾರ್ ಆಂಟಿಬಾಡಿ. 1.00 ಅನ್ನು ಬಣ್ಣದ 71,000ದಿಂದ ಭಾಗಿಸಿದರೆ 14.1 ಮೈಕ್ರೋಮೋಲಾರ್ ಬಣ್ಣ. ಅಂದರೆ ಒಂದು ಆಂಟಿಬಾಡಿಗೆ ಸರಾಸರಿ 4.6 ಬಣ್ಣದ ಅಣುಗಳು. 3ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ಹೆಚ್ಚು ಕಟ್ಟಿದಷ್ಟೂ ಹೊಳಪು ಹೆಚ್ಚುವುದಿಲ್ಲ. ಪಕ್ಕಪಕ್ಕದ ಬಣ್ಣಗಳು ಒಂದರ ಬೆಳಕನ್ನೊಂದು ನುಂಗುತ್ತವೆ, ಪ್ರತಿಜನಕ ಹಿಡಿಯುವ ಜಾಗದ ಲೈಸೀನಿಗೇ ಬಣ್ಣ ಕೂತರೆ ಆಂಟಿಬಾಡಿ ಹಿಡಿತ ಕಳೆದುಕೊಳ್ಳುತ್ತದೆ. ಬಣ್ಣ ಕಟ್ಟಿದ್ದನ್ನು 4 ಡಿಗ್ರಿಯಲ್ಲಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ ಇಡಿ.

ಸ್ಟೇನಿಂಗ್, ಹೆಜ್ಜೆ ಹೆಜ್ಜೆಯಾಗಿ

1. 0.17 ಮಿಲಿಮೀಟರ್ ದಪ್ಪದ, ಅಂದರೆ 1.5 ಸಂಖ್ಯೆಯ ಕವರ್‌ಸ್ಲಿಪ್ ಮೇಲೆ ಕೋಶ ಬೆಳೆಸಿ. ಅರ್ಧದಿಂದ ಮುಕ್ಕಾಲು ಭಾಗ ತುಂಬಿದ್ದರೆ ಸಾಕು. ಕಿಕ್ಕಿರಿದ ಕೋಶಗಳು ಎತ್ತರವಾಗಿ ನಿಂತು ಚುಕ್ಕಿ ಎಣಿಸಲು ಬಿಡುವುದಿಲ್ಲ.

2. ಬೆಚ್ಚಗಿನ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರಿನಲ್ಲಿ) ಒಮ್ಮೆ ತೊಳೆದು, 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 10ರಿಂದ 15 ನಿಮಿಷ ಫಿಕ್ಸ್ ಮಾಡಿ. ಫ್ಯೂಮ್ ಹುಡ್ ಒಳಗೇ ಮಾಡಿ. ತಣ್ಣಗಿನ ಪಿಬಿಎಸ್ ಸುರಿದು ಕೋಶಗಳನ್ನು ಬೆಚ್ಚಿಬೀಳಿಸಬೇಡಿ. ಒತ್ತಡಕ್ಕೆ ಸಿಕ್ಕ ಕೋಶದಲ್ಲಿ ಆಗೋ2 ಬೇರೆ ಬಗೆಯ ಚುಕ್ಕಿಗಳಿಗೂ, ಅಂದರೆ ಸ್ಟ್ರೆಸ್ ಗ್ರ್ಯಾನ್ಯೂಲ್‌ಗಳಿಗೂ ಸೇರುತ್ತದೆ. ಕೆಲವು ಆಂಟಿಬಾಡಿಗಳಿಗೆ −20 ಡಿಗ್ರಿಯ ಮೆಥನಾಲ್‌ನಲ್ಲಿ 10 ನಿಮಿಷ ಚೆನ್ನಾಗಿ ಹೊಂದುತ್ತದೆ. ಹೊಸ ಆಂಟಿಬಾಡಿಯಾದರೆ ಎರಡನ್ನೂ ಅಕ್ಕಪಕ್ಕ ಮಾಡಿ ನೋಡಿ.

3. ಪ್ಯಾರಾಫಾರ್ಮಾಲ್ಡಿಹೈಡ್ ಬಳಸಿದ್ದರೆ 0.2% ಟ್ರೈಟಾನ್ ಎಕ್ಸ್-100ರಲ್ಲಿ 10 ನಿಮಿಷ ಇಟ್ಟು ಪೊರೆಗೆ ದಾರಿ ಮಾಡಿ. ಮೆಥನಾಲ್ ಆದರೆ ಇದು ಬೇಡ. ಕೋಶಕೇಂದ್ರದಲ್ಲೂ ಆಗೋ2 ಕಂಡಿತು ಎನ್ನುವವರಿಗೆ ಇಲ್ಲೊಂದು ಪರೀಕ್ಷೆ ಇದೆ. ಟ್ರೈಟಾನ್ ಬದಲು ಕಡಿಮೆ ಪ್ರಮಾಣದ ಡಿಜಿಟೋನಿನ್ ಬಳಸಿದರೆ ಹೊರಪೊರೆ ಮಾತ್ರ ತೆರೆದುಕೊಳ್ಳುತ್ತದೆ, ಕೋಶಕೇಂದ್ರದ ಪೊರೆ ಮುಚ್ಚಿರುತ್ತದೆ. ಆಗ ಕೋಶಕೇಂದ್ರದ ಒಳಗಿರುವ ಲ್ಯಾಮಿನ್ ಪ್ರೋಟೀನಿನ ಆಂಟಿಬಾಡಿಯೂ ಒಳಗೆ ಹೋಗಬಾರದು. ಲ್ಯಾಮಿನ್ ಕತ್ತಲಾಗಿರುವಾಗಲೂ "ಕೋಶಕೇಂದ್ರದ ಆಗೋ2" ಹೊಳೆಯುತ್ತಿದ್ದರೆ, ಆ ಬೆಳಕು ಮೇಲಿನ ಅಥವಾ ಕೆಳಗಿನ ಕೋಶದ್ರವ್ಯದಿಂದ ಬಂದದ್ದು.

4. ಬ್ಲಾಕಿಂಗ್: ಸೆಕೆಂಡರಿ ಯಾವ ಪ್ರಾಣಿಯದೋ ಅದರ ಸೀರಮ್ 5%, ಜೊತೆಗೆ 1% ಬಿಎಸ್‌ಎ, ಒಂದು ಗಂಟೆ.

5. ಪ್ರೈಮರಿ: ಮೊದಲ ಸಲ 1:100, 1:300, 1:1000 ಹೀಗೆ ಮೂರು ತೆಳುವಿನಲ್ಲಿ ಹಾಕಿ. ಆಯ್ಕೆಗೆ ಹೊಳಪನ್ನಲ್ಲ, ನಾಕೌಟ್ ಕೋಶಕ್ಕೂ ಸಾಮಾನ್ಯ ಕೋಶಕ್ಕೂ ಇರುವ ವ್ಯತ್ಯಾಸವನ್ನು ನೋಡಿ. ಒದ್ದೆ ಡಬ್ಬಿಯಲ್ಲಿ, 4 ಡಿಗ್ರಿಯಲ್ಲಿ, ರಾತ್ರಿಯಿಡೀ.

6. ಪಿಬಿಎಸ್‌ನಲ್ಲಿ ಮೂರು ಸಲ, ಐದೈದು ನಿಮಿಷ ತೊಳೆಯಿರಿ.

7. ಸೆಕೆಂಡರಿ 1:500, ಕತ್ತಲಲ್ಲಿ ಒಂದು ಗಂಟೆ. ಬೇರೆ ಪ್ರಾಣಿಗಳ ಐಜಿಜಿಗೆ ಅಂಟದಂತೆ ಶುದ್ಧ ಮಾಡಿದ, ಅಡ್ಡಹೀರಿಕೆ ಮುಗಿಸಿದ ಸೆಕೆಂಡರಿಯನ್ನೇ ಕೊಳ್ಳಿ. ಮತ್ತೆ ಮೂರು ತೊಳೆತ. ಕೋಶಕೇಂದ್ರಕ್ಕೆ ಡಾಪಿ, ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ, 5 ನಿಮಿಷ.

8. ಬಣ್ಣ ಮಾಸದಂತೆ ಕಾಯುವ ಮೌಂಟಿಂಗ್ ದ್ರಾವಣದಲ್ಲಿ ಕೂರಿಸಿ. ಗಟ್ಟಿಯಾಗುವ ಬಗೆಯದಾದರೆ ಪೂರ್ತಿ ಒಣಗುವವರೆಗೆ ಕಾಯಿರಿ.

ಬಣ್ಣಗಳ ಜೋಡಿಗೆ ನನ್ನ ಆಯ್ಕೆ: ನೋಡಲು ಕಷ್ಟವಾದ ಪ್ರೋಟೀನಿಗೆ ಅಲೆಕ್ಸಾ 568 ಅಥವಾ 647, ಸುಲಭದ ಗುರುತುಕಾರಕ್ಕೆ 488. ಕೋಶದ ಸ್ವಂತ ಹೊಳಪು ಹಸಿರು ಕಡೆ ಹೆಚ್ಚು, ಕೆಂಪಿನತ್ತ ಹೋದಂತೆ ಕಡಿಮೆ. 647 ಕಣ್ಣಿಗೆ ಕಾಣದು, ಕ್ಯಾಮೆರಾ ಅಥವಾ ಡಿಟೆಕ್ಟರ್‌ಗೆ ಮಾತ್ರ ಕಾಣುತ್ತದೆ. ಮೊದಲ ಸಲ ಐಪೀಸ್‌ನಲ್ಲಿ ನೋಡಿ ಏನೂ ಬಂದಿಲ್ಲ ಎಂದು ಸ್ಲೈಡ್ ಬದಿಗಿಡುವವರಿದ್ದಾರೆ, ಹಾಗೆ ಮಾಡಬೇಡಿ. ಹಳೆಯ ಎಫ್‌ಐಟಿಸಿ ಬೇಗ ಮಾಸುತ್ತದೆ, ಪಿಎಚ್ ಇಳಿದರೆ ಮಂಕಾಗುತ್ತದೆ. ಆಯ್ಕೆಯಿದ್ದರೆ ಬೇಡ.

ಸೂಕ್ಷ್ಮದರ್ಶಕದ ಮುಂದೆ

ಬಹುತೇಕ ಕಡೆ ಕಾನ್‌ಫೋಕಲ್ ಎಂದರೆ ಹಂಚಿಕೊಂಡು ಬಳಸುವ ಯಂತ್ರ, ಗಂಟೆಯ ಲೆಕ್ಕದಲ್ಲಿ ಸಿಗುವುದು. ಆದ್ದರಿಂದ ಕೂತ ಕೂಡಲೇ ಮೊದಲು ಅತಿ ಹೊಳೆಯುವ ಸ್ಲೈಡ್ ಇಟ್ಟು, ಯಾವ ಚುಕ್ಕಿಯೂ ತುಂಬಿ ತುಳುಕದಂತೆ ಲೇಸರ್ ಮತ್ತು ಗೇನ್ ಹೊಂದಿಸಿ. ಆಮೇಲೆ ಅದನ್ನು ಮುಟ್ಟಬೇಡಿ. ಕಂಟ್ರೋಲ್ ಸ್ಲೈಡ್ ಕತ್ತಲಾಗಿ ಕಂಡರೆ ಗೇನ್ ಏರಿಸುವ ಆಸೆ ಬರುತ್ತದೆ. ಆದರೆ ಆ ಕತ್ತಲೇ ನಿಮಗೆ ಬೇಕಾದ ಮಾಹಿತಿ. ಎರಡು ಬಣ್ಣಗಳನ್ನು ಒಂದರ ನಂತರ ಒಂದು ಸ್ಕ್ಯಾನ್ ಮಾಡಿ, ಒಟ್ಟಿಗೆ ಬೇಡ. ಒಂದೊಂದೇ ಬಣ್ಣ ಹಾಕಿದ ಸ್ಲೈಡ್‌ಗಳಿಂದ ಬೆಳಕು ಪಕ್ಕದ ಚಾನಲ್‌ಗೆ ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಅಳತೆಯ ಮಿತಿಯನ್ನೂ ತಿಳಿದಿರಿ. 520 ನ್ಯಾನೋಮೀಟರ್ ಬೆಳಕು, 1.4 ಎನ್‌ಎ (ಲೆನ್ಸ್ ಬೆಳಕು ಸಂಗ್ರಹಿಸುವ ಶಕ್ತಿಯ ಅಳತೆ) ಇರುವ ಎಣ್ಣೆ ಲೆನ್ಸ್ ಎಂದರೆ ಸುಮಾರು 190 ನ್ಯಾನೋಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ನೋಡಲಾಗದು. ಸಣ್ಣ ಪಿ-ಬಾಡಿಗಳು ಇದಕ್ಕೂ ಕೆಳಗೆ. ಪಿಕ್ಸೆಲ್ 80 ನ್ಯಾನೋಮೀಟರ್ ಸುಮಾರಿಗೆ ಇಟ್ಟು ಚುಕ್ಕಿಗಳನ್ನು ಎಣಿಸಬಹುದು, ಒಟ್ಟು ಹೊಳಪು ಹೋಲಿಸಬಹುದು. "ಗಾತ್ರ 150 ನ್ಯಾನೋಮೀಟರ್" ಎಂದು ಈ ಚಿತ್ರದಿಂದ ಬರೆಯುವಂತಿಲ್ಲ.

ಚಿತ್ರದಿಂದ ಸಂಖ್ಯೆಗೆ

ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದಲ್ಲಿ ಮೂಲ ಫೈಲನ್ನೇ ತೆರೆದು, ಸೆಕೆಂಡರಿ ಮಾತ್ರ ಹಾಕಿದ ಸ್ಲೈಡ್‌ನ ಸರಾಸರಿಯನ್ನು ಹಿನ್ನೆಲೆಯಾಗಿ ಕಳೆಯಿರಿ. ಆಗೋ2 ಮತ್ತು ಡಿಸಿಪಿ1ಎ ಒಂದೇ ಕಡೆ ಇವೆಯೇ ಎಂದು ನೋಡಲು ಇಡೀ ಕೋಶದ ಪಿಯರ್ಸನ್ ಗುಣಾಂಕ (ಎರಡು ಬಣ್ಣಗಳ ಹೊಳಪು ಎಷ್ಟು ಹೊಂದುತ್ತದೆ ಎಂಬ ಅಂಕಿ) ತೆಗೆದರೆ ಉತ್ತರ ಕಡಿಮೆಯೇ ಬರುತ್ತದೆ. ಆಗೋ2ರ ಬಹುಪಾಲು ಹರಡಿಕೊಂಡಿದೆಯಲ್ಲ. ಅದರ ಬದಲು ಡಿಸಿಪಿ1ಎ ಚಾನಲ್‌ನಿಂದ ಪಿ-ಬಾಡಿಗಳ ಗಡಿ ಗುರುತಿಸಿ, ಆ ಗಡಿಯೊಳಗಿನ ಆಗೋ2 ಹೊಳಪನ್ನು ಸುತ್ತಲಿನ ಉಂಗುರದ ಹೊಳಪಿನೊಂದಿಗೆ ಹೋಲಿಸಿ. ಈ ಅನುಪಾತ ಹೆಚ್ಚು ಪ್ರಾಮಾಣಿಕ. ಯಾವ ಸ್ಲೈಡ್ ಯಾವುದು ಎಂದು ತಿಳಿಯದಂತೆ ಬೇರೆಯವರಿಂದ ಫೈಲ್ ಹೆಸರು ಬದಲಿಸಿಕೊಂಡು ಎಣಿಸಿ. ಒಂದೇ ಕವರ್‌ಸ್ಲಿಪ್‌ನ ನೂರು ಕೋಶ ನೂರು ಪ್ರಯೋಗವಲ್ಲ. ಬೇರೆ ಬೇರೆ ದಿನ ಹೊಸದಾಗಿ ಬೆಳೆಸಿ ಬಣ್ಣ ಹಾಕಿದ್ದು ಮಾತ್ರ ಹೊಸ ಪ್ರಯೋಗ.

ನೋಟ್‌ಬುಕ್‌ನಲ್ಲೂ ಪ್ರಬಂಧದ ವಿಧಾನ ಭಾಗದಲ್ಲೂ ಬರೆಯಬೇಕಾದ್ದು: ಆಂಟಿಬಾಡಿಯ ಕ್ಲೋನ್ ಹೆಸರು, ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಬಳಸಿದ ತೆಳುವು, ಫಿಕ್ಸ್ ಮಾಡಿದ ಬಗೆ, ನೇರ ಬಣ್ಣವಾದರೆ ಪ್ರತಿ ಆಂಟಿಬಾಡಿಗೆ ಎಷ್ಟು ಬಣ್ಣ, ಲೇಸರ್ ಮತ್ತು ಗೇನ್ ಅಂಕಿಗಳು. ಪಾಲಿಕ್ಲೋನಲ್ ಆದರೆ ಲಾಟ್ ಸಂಖ್ಯೆಯಂತೂ ಬಿಡಲೇಬಾರದು. ಅದೇ ಕ್ಯಾಟಲಾಗ್ ಸಂಖ್ಯೆಯ ಮುಂದಿನ ಡಬ್ಬಿ ಬೇರೊಂದು ಮೊಲದಿಂದ ಬಂದಿರಬಹುದು. ಹೊಸ ಲಾಟ್ ಬಂದ ದಿನ ನಾಕೌಟ್ ಕೋಶದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಆ ಚಿತ್ರವನ್ನು ಹಳೆಯ ಲಾಟ್‌ನ ಚಿತ್ರದ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಡಿ.